ಮಲೆನಾಡಿಗೆ ಮುಚ್ಚಿದ ಕೋಳಿಶೆಡ್ ತರವೇ?

ಕೋಳಿಗೆ ಬೆವರುಗ್ರಂಥಿಗಳಿಲ್ಲ. ಸೆಕೆಯಾದಾಗ ಕೊಕ್ಕು ತೆರೆದು ಏದುಸಿರುಬಿಟ್ಟು, ಉಸಿರಿನ ತೇವವನ್ನು ಆವಿಯಾಗಿಸಿ ಅದು ಮೈ ತಂಪಾಗಿಸಿಕೊಳ್ಳುತ್ತದೆ. ಗಾಳಿಯೇ ತೇವದಿಂದ ತುಂಬಿದ್ದರೆ ಈ ಉಪಾಯ ಫಲಿಸದು. ನೀರು ಹರಿಸುವ ಪ್ಯಾಡು, ದೊಡ್ಡ ಫ್ಯಾನುಗಳ ಮುಚ್ಚಿದ ಶೆಡ್ಡು ಬಯಲುಸೀಮೆಯ ಒಣಬೇಸಿಗೆಗೆ ಒಪ್ಪೀತು. ಮಲೆನಾಡಿನ ಒದ್ದೆಗಾಳಿಯಲ್ಲಿ ಪ್ಯಾಡು ಕೊಡುವ ತಂಪು ಅತ್ಯಲ್ಪ. ಮಳೆಗಾಲದಲ್ಲಿ ಮರಬಿದ್ದು ವಿದ್ಯುತ್ ನಿಂತರೆ, ಜನರೇಟರ್ ಇಲ್ಲದ ಇಂಥ ಶೆಡ್ಡಿನಲ್ಲಿ ಕೋಳಿಗಳು ಸಾಮೂಹಿಕವಾಗಿ ಸಾಯಬಹುದು. ರೈತನಿಗೆ ಉಳಿಯುವುದು ಸಾಲ ಮಾತ್ರ.

ಪೂರ್ವಪಶ್ಚಿಮವಾಗಿ ಉದ್ದವಿರುವ, 30 ಅಡಿ ಮೀರದ ಅಗಲದ, ಬದಿಗಳಲ್ಲಿ ಜಾಲರಿ, ಮಾಡಿನ ನೆತ್ತಿಯಲ್ಲಿ ಗಾಳಿಗಂಡಿ ಇರುವ ತೆರೆದ ಶೆಡ್ಡೇ ಸಣ್ಣ ರೈತರಿಗೆ ಲೇಸು. ಎರಚಲು ತಡೆಯುವಂತೆ ಮಾಡು ಹೊರಚಾಚಿರಲಿ. ಪರದೆ ಇಳಿಬಿಟ್ಟರೂ ಅದರ ಮೇಲ್ಭಾಗ ತೆರೆದಿರಬೇಕು. ಇಲ್ಲವಾದರೆ ಒದ್ದೆಯಾದ ಹೊಟ್ಟಿನಿಂದೇಳುವ ಅಮೋನಿಯಾ ಒಳಗೇ ನಿಲ್ಲುತ್ತದೆ. ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಊರಿನ ಗಾಳಿ, ತೇವ, ವಿದ್ಯುತ್ ಮೂರನ್ನೂ ತೂಗಿನೋಡುವುದು ವಿವೇಕ.