ಮಣ್ಣು ಸಮೇತ ತೂಗಿದ ಗಾಂಜಾ

ಹನೂರು, ಕೊಳ್ಳೇಗಾಲದ ಕಡೆ ಅರಿಶಿನದ ಸಾಲುಗಳ ನಡುವೆ ಯಾರೋ ನಾಲ್ಕು ಗಾಂಜಾ ಗಿಡ ಹಾಕಿದ್ದಾರೆಂದು ಸುಳಿವು ಸಿಕ್ಕರೆ ಮುಂದೇನಾಗುತ್ತದೆಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಜೀಪು ಬರುತ್ತದೆ. ಪಂಚರೆಂದು ಇಬ್ಬರನ್ನು ಹಿಡಿದು ನಿಲ್ಲಿಸುತ್ತಾರೆ. ಗಿಡವನ್ನು ಬುಡಸಮೇತ ಕೀಳುತ್ತಾರೆ. ಬೇರು, ಬೇರಿಗಂಟಿದ ಒದ್ದೆ ಮಣ್ಣು, ಹೆಬ್ಬೆರಳು ಗಾತ್ರದ ಕಾಂಡ, ಎಲೆ, ಹೂವು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುರುಕಿ ತಕ್ಕಡಿಗೆ ಹಾಕುತ್ತಾರೆ. ಮಹಜರಿನಲ್ಲಿ ‘ಹಸಿ ಗಾಂಜಾ ಇಷ್ಟು ಕಿಲೋ’ ಎಂದು ಬರೆಯುತ್ತಾರೆ. ಹೊಲದವನು ಹೆಬ್ಬೆಟ್ಟು ಒತ್ತುತ್ತಾನೆ. ಮರುದಿನ ಪತ್ರಿಕೆಯಲ್ಲಿ ಗೋಣಿಚೀಲದ ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು, ಮುಂದೆ ಕುಕ್ಕರುಗಾಲಲ್ಲಿ ಕೂತ ರೈತ.

ಕಾನೂನು ಏನು ಹೇಳುತ್ತದೆ ಕೇಳಿ. 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಬಿಟ್ಟ, ಕಾಯಿ ಕಟ್ಟಿದ ತುದಿ ಮಾತ್ರ. ತುದಿಯಿಂದ ಬೇರೆಯಾದ ಎಲೆ, ಬೀಜ ಅದರ ಲೆಕ್ಕಕ್ಕೆ ಬರುವುದಿಲ್ಲ. ಕಾಂಡವೂ ಬರುವುದಿಲ್ಲ, ಮಣ್ಣಂತೂ ಬರಲೇಬಾರದು. ಆದರೆ ಈ ಕಾಯ್ದೆಯಲ್ಲಿ ಮನುಷ್ಯನ ಹಣೆಬರಹ ಬರೆಯುವುದೇ ತೂಕ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಆ ಗೆರೆ ದಾಟಿತೋ, ಹತ್ತರಿಂದ ಇಪ್ಪತ್ತು ವರ್ಷ ಜೈಲು, ಕನಿಷ್ಠ ಒಂದು ಲಕ್ಷ ದಂಡ. ಜಾಮೀನಿಗೂ 37ನೇ ಕಲಮು ಅಡ್ಡ ಬರುತ್ತದೆ. ವಿಚಾರಣೆ ಶುರುವಾಗುವ ಮೊದಲೇ, ಇವನು ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಹಾಗಾಗಿ ಚೀಲದೊಳಗಿನ ಒದ್ದೆ ಮಣ್ಣಿಗೂ ಬೆಲೆ ಬಂತು; ಅದು ಹತ್ತು ವರ್ಷ ತೂಗಬಲ್ಲದು. ಬೇರು ಕಾಂಡ ಎಲ್ಲ ಸೇರಿಸಿ ತೂಗಿದ್ದೀರೆಂದು ತಕರಾರು ಎತ್ತಿ ಹೈಕೋರ್ಟಿನಲ್ಲಿ ಜಾಮೀನು ಪಡೆದವರಿದ್ದಾರೆ. ಒಂದೂವರೆ ಎಕರೆಯ ಮಳೆಯಾಶ್ರಿತ ಹೊಲದವನು ಹೈಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಲ ಯಾರ ಹೆಸರಿಗೆ ಹೋಗಿರುತ್ತದೆಂದು ಬೇರೆ ಹೇಳಬೇಕೇ?

ಗಾಂಜಾ ಬೆಳೆದದ್ದು ಸರಿ ಎಂದು ನಾನು ವಾದಿಸುತ್ತಿಲ್ಲ. ಯಾರ ತಕ್ಕಡಿ, ಯಾರಿಗೆ ಎಂದು ಕೇಳುತ್ತಿದ್ದೇನೆ.

2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರ್‌ಗಳನ್ನು ಕಂದಾಯ ಗುಪ್ತಚರ ನಿರ್ದೇಶನಾಲಯದ (ಡಿಆರ್‌ಐ) ಅಧಿಕಾರಿಗಳು ತಡೆದರು. ಅಫ್ಘಾನಿಸ್ತಾನದ ಸರಕು, ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದದ್ದು. ಕಾಗದದಲ್ಲಿ ಟಾಲ್ಕ್ ಕಲ್ಲು. ಒಳಗಿದ್ದದ್ದು 2,988 ಕಿಲೋ ಹೆರಾಯಿನ್. ಅಂದಿನ ಅಂದಾಜಿನಲ್ಲಿ 21,000 ಕೋಟಿ ರೂಪಾಯಿ. ಹೆರಾಯಿನ್‌ಗೆ ವಾಣಿಜ್ಯ ಪ್ರಮಾಣದ ಗೆರೆ 250 ಗ್ರಾಂ, ಅಂದರೆ ಆ ಎರಡು ಪೆಟ್ಟಿಗೆಗಳಲ್ಲಿ ಸುಮಾರು ಹನ್ನೆರಡು ಸಾವಿರ ಮಂದಿಯನ್ನು ಇಪ್ಪತ್ತು ವರ್ಷ ಒಳಗಿಡುವಷ್ಟು ಮಾಲಿತ್ತು. ತರಿಸಿಕೊಂಡವರು ಯಾರು? ಕಾಗದದ ಮೇಲೆ ವಿಜಯವಾಡದ ವಿಳಾಸದ ಒಂದು ಕಂಪನಿ. ಮೊದಲು ಸಿಕ್ಕಿಬಿದ್ದವರು ಕಮಿಷನ್ ಆಸೆಗೆ ಆಮದು ಪರವಾನಗಿ ಕೊಟ್ಟ ಚೆನ್ನೈನ ಗಂಡ ಹೆಂಡತಿ. ಇದೇ ದಾರಿಯಲ್ಲಿ ಮೊದಲೂ ಸರಕು ದಾಟಿಹೋಗಿತ್ತೆಂದು ತನಿಖೆ ನಡೆಸಿದ ಎನ್‌ಐಎಯೇ ಹೇಳಿತು. ದಾಟಿಹೋದದ್ದು ಯಾರ ಮಗನ ರಕ್ತನಾಳ ಸೇರಿತೋ ಯಾವ ಮಹಜರಿನಲ್ಲೂ ಬರೆದಿಲ್ಲ.

ಹಿಡಿದ ಮಾಲಿನ ಗತಿಯಾದರೂ ನೆಟ್ಟಗಿದೆಯೇ? ಮಥುರಾದ ಎರಡು ಠಾಣೆಗಳಲ್ಲಿ ಇಟ್ಟಿದ್ದ 581 ಕಿಲೋ ಗಾಂಜಾ ಹಾಜರುಪಡಿಸಿ ಎಂದು ನ್ಯಾಯಾಲಯ 2022ರಲ್ಲಿ ಕೇಳಿದಾಗ ಪೊಲೀಸರು ಕೊಟ್ಟ ಉತ್ತರ: ಇಲಿ ತಿಂದವು. ನಗಬೇಡಿ. ರೈತನ ಹೊಲದ ಮಣ್ಣಿಗೆ ಗ್ರಾಂ ಲೆಕ್ಕ ಇಟ್ಟ ವ್ಯವಸ್ಥೆಯೇ ಇದು.

2020ರ ಸೆಪ್ಟೆಂಬರ್ ನೆನಪಿದೆಯೇ? ಕನ್ನಡದ ಸುದ್ದಿವಾಹಿನಿಗಳು ದಿನವಿಡೀ ಡ್ರಗ್ಸ್ ಪ್ರಕರಣದಲ್ಲಿ ಸಿಕ್ಕಿಕೊಂಡ ನಟಿಯರ ಮನೆ ಗೇಟಿನ ಮುಂದೆ ನಿಂತಿದ್ದವು. ಅವರು ಯಾವ ಬಣ್ಣದ ಬಟ್ಟೆ ತೊಟ್ಟು ಸಿಸಿಬಿ ಕಚೇರಿಗೆ ಬಂದರು, ಜೈಲಿನಲ್ಲಿ ಏನು ತಿಂದರು ಎಂಬುದು ಬ್ರೇಕಿಂಗ್ ನ್ಯೂಸ್. ಅದೇ ತಿಂಗಳು ಬೆಂಗಳೂರಿನ ಪೊಲೀಸರು ಒಬ್ಬ ಆಟೊ ಚಾಲಕನ ಬಳಿ ಸಿಕ್ಕ ಸ್ವಲ್ಪ ಸೊಪ್ಪಿನ ಜಾಡು ಹಿಡಿದು ಕಲಬುರಗಿ ಜಿಲ್ಲೆಯ ಕಾಳಗಿ ಕಡೆಯ ಒಂದು ಕುರಿದೊಡ್ಡಿಯವರೆಗೆ ಹೋದರು. ದೊಡ್ಡಿಯಲ್ಲಿ ನೆಲದಡಿ ಹೂತಿಟ್ಟಿದ್ದು ಒಡಿಶಾದಿಂದ ಬಂದ 1,300 ಕಿಲೋಗೂ ಮೀರಿದ ಗಾಂಜಾ. ಮೇಲೆ ಕುರಿ, ಕೆಳಗೆ ಮಾಲು. ನಿಜವಾದ ಪೊಲೀಸ್ ಕೆಲಸವೆಂದರೆ ಅದು. ಹೊಗಳಬೇಕಾದ ಕಡೆ ಹೊಗಳುತ್ತೇನೆ. ಆದರೆ ಒಂದೆರಡು ದಿನದಲ್ಲಿ ಆ ಸುದ್ದಿ ಮಾಯ. ಕುರಿದೊಡ್ಡಿಗೆ ಟಿಆರ್‌ಪಿ ಇಲ್ಲವಲ್ಲ! ಒಡಿಶಾದಿಂದ ಕಲಬುರಗಿವರೆಗೆ ಅಷ್ಟು ದೂರ ಎಷ್ಟು ಚೆಕ್‌ಪೋಸ್ಟ್ ದಾಟಿ ಲಾರಿ ಬಂತು, ಎಲ್ಲೆಲ್ಲಿ ಯಾರ ಕೈ ಬಿಸಿಯಾಯಿತು ಎಂದು ಯಾವ ಆ್ಯಂಕರ್ ಕೂಡ ಗಂಟಲು ಹರಿದುಕೊಳ್ಳಲಿಲ್ಲ.

2022ರ ಇನ್ನೊಂದು ಪ್ರಕರಣ ನೋಡಿ. ಬಿಹಾರದಿಂದ ಬೆಂಗಳೂರಿಗೆ ಬಂದವನೊಬ್ಬನನ್ನು 29 ಕಿಲೋ ಭಾಂಗ್, 400 ಗ್ರಾಂ ಗಾಂಜಾ ಇಟ್ಟುಕೊಂಡಿದ್ದನೆಂದು ಹಿಡಿದರು. ಅದೇ ಭಾಂಗ್ ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಬೋರ್ಡು ಹಾಕಿಕೊಂಡ ಅಂಗಡಿಯಲ್ಲೇ ಸಿಗುತ್ತದೆ. ಭಾಂಗ್ ಈ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಜಾಮೀನು ಕೊಡುವಷ್ಟರಲ್ಲಿ ಅವನು ಎರಡು ತಿಂಗಳಿಗೂ ಮೀರಿ ಒಳಗೆ ಕಳೆದಿದ್ದ. ಅವನ ಆ ದಿನಗಳನ್ನು ಯಾವ ಇಲಾಖೆ ಹಿಂದಿರುಗಿಸುತ್ತದೆ?

ದೇಶದಲ್ಲಿ ಈ ಕಾಯ್ದೆಯಡಿ 2022ರಲ್ಲಿ ದಾಖಲಾದ ಪ್ರಕರಣ ಒಂದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಸೇವನೆಗೆ ಇಟ್ಟುಕೊಂಡವರ ಮೇಲಿನವು, ಸಾಗಣೆದಾರರ ಮೇಲಿನವಲ್ಲ. ಸೇದುವವನನ್ನು ಹಿಡಿದರೆ ಅಂಕಿ ಏರುತ್ತದೆ, ಪತ್ರಿಕಾಗೋಷ್ಠಿ ತುಂಬುತ್ತದೆ. ಮೇಲಿನವನನ್ನು ಮುಟ್ಟಲು ಬ್ಯಾಂಕ್ ಖಾತೆ ಬಗೆಯಬೇಕು, ಬೇನಾಮಿ ಸೈಟು ಹುಡುಕಬೇಕು. ದಂಧೆಯ ಹಣದಲ್ಲಿ ಮಾಡಿದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ 1989ರಿಂದಲೇ ಕಾಯ್ದೆಯೊಳಗಿದೆ. ಇದ್ದೂ ಮೂವತ್ತು ವರ್ಷ ಮೀರಿತು.

ಇನ್ನು ನೀತಿಪಾಠ ಹೇಳುವವರು ಯಾರು? 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟ ರಾಜ್ಯ ಸರ್ಕಾರ. ಯಾವ ಪಕ್ಷ ಕುರ್ಚಿಯಲ್ಲಿದ್ದರೂ ಈ ಗುರಿ ಇಳಿದದ್ದನ್ನು ನಾನು ಕಂಡಿಲ್ಲ. 2007ರ ಜುಲೈ 1ರಂದು ಸಾರಾಯಿ ನಿಷೇಧಿಸಿ ಬೆನ್ನು ತಟ್ಟಿಕೊಂಡರು. ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿಯ ಪೊಟ್ಟಣ ಬಂತು, ಕೂಲಿಯವನ ಜೇಬು ಇನ್ನಷ್ಟು ಬೇಗ ಬರಿದಾಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು, ಸುಮಾರು 200 ಕಿಲೋಮೀಟರ್. ಬಹುಪಾಲು ಉತ್ತರ ಕರ್ನಾಟಕದ ಕೂಲಿ ಹೆಂಗಸರು. ಒಬ್ಬರು ದಾರಿಯಲ್ಲೇ ಪ್ರಾಣ ಬಿಟ್ಟರು. ಅವರ ಕಾಲಿನ ಬೊಬ್ಬೆಗಿಂತ ಖಜಾನೆಯ ಬೊಬ್ಬೆ ದೊಡ್ಡದಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಏಮ್ಸ್‌ನಿಂದ ಮಾಡಿಸಿದ ಸಮೀಕ್ಷೆ ಪ್ರಕಟವಾಯಿತು: ಕುಡಿಯುವವರು ಸುಮಾರು 16 ಕೋಟಿ, ಕುಡಿತದಿಂದ ಹೊರಬರಲು ನೆರವು ಬೇಕಾದವರು 5.7 ಕೋಟಿ. ಕುಡಿತಕ್ಕೆ ದಾಸರಾದ ಮೂವತ್ತೆಂಟು ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ ಎಂದೂ ಆ ಸಮೀಕ್ಷೆ ಹೇಳಿತು.

ಚಟಕ್ಕೆ ಬಿದ್ದ ಹುಡುಗನ ತಾಯಿಯ ಹತ್ತಿರ ಕೂತು ಮಾತಾಡಿ ನೋಡಿ. ಆಕೆ ಕೇಳುವುದು ಒಂದೇ: “ಸಾರ್, ಆಸ್ಪತ್ರೆಗೆ ಕರ್ಕೊಂಡ್ ಬಂದ್ರೆ ಪೊಲೀಸ್ರಿಗೆ ಹೇಳ್ಬಿಡ್ತಾರಾ?” ಆ ಹೆದರಿಕೆಯಲ್ಲೇ ಒಂದು ವರ್ಷ, ಎರಡು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಸೊಪ್ಪು ಹೋಗಿ ಮಾತ್ರೆ, ಮಾತ್ರೆ ಹೋಗಿ ಸೂಜಿ. ಆ ತಾಯಿಗೆ ಯಾರೂ ಹೇಳದ ಒಂದು ವಿಷಯ ಕಾಯ್ದೆಯಲ್ಲೇ ಇದೆ. ಅದರ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಶಿಕ್ಷೆಯ ಕಲಮುಗಳು ಠಾಣೆಯ ಮುನ್ಷಿಗೂ ಬಾಯಿಪಾಠ. ಇದೊಂದು ಮಾತ್ರ ಯಾರ ಬಾಯಿಗೂ ಬರುವುದಿಲ್ಲ.

ಗೃಹ ಸಚಿವರೇ, ಬರುವ ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಮತ್ತೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸಬೇಡಿ. ಸುಟ್ಟ ಮಾಲಿನ ಟನ್ ಲೆಕ್ಕವೂ ಸಾಕು. ಕಳೆದ ಐದು ವರ್ಷದಲ್ಲಿ ಯಾವ ಸಾಗಣೆದಾರನ ಎಷ್ಟು ಆಸ್ತಿ ಮುಟ್ಟುಗೋಲಾಯಿತು ಎಂಬ ಪಟ್ಟಿಯನ್ನು ಸದನದ ಮುಂದಿಡಿ. ಗಾಂಜಾ ತೂಗುವಾಗ ಬೇರು, ಮಣ್ಣು, ಕಾಂಡ ಬೇರೆ ಮಾಡಿ ತೂಗಬೇಕೆಂದು ಲಿಖಿತ ಆದೇಶ ಹೊರಡಿಸಿ. ಮತ್ತೆ ಆ 64ಎ ಕಲಮನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಪ್ರತಿ ಠಾಣೆಯ, ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೆಹಲಿಯ ಅನುಮತಿ ಬೇಕಿಲ್ಲ. ಒಂದು ಡಬ್ಬಿ ಬಣ್ಣ ಸಾಕು.