ದೇವರ ಬಳಿಯೂ ಶಿಫಾರಸು ಬೇಕೇ?



ಕಾಸಿಮೇಡಿನ ಮೀನುಗಾರಿಕೆ ಬಂದರು ನೀವೆಲ್ಲ ಬಲ್ಲ ಸ್ಥಳ. ಅದರ ಮಗ್ಗುಲಲ್ಲೇ ರಾಯಪುರಂ. ತಮಿಳು ಕ್ಯಾಥೊಲಿಕರು ಸಂತ ಪೇತ್ರನನ್ನು ರಾಯಪ್ಪರ್ ಎನ್ನುತ್ತಾರೆ. ಊರಿನ ಹೆಸರೂ ಅದರಿಂದಲೇ ಬಂದದ್ದೆಂದು ಹೇಳುತ್ತಾರೆ. ದೋಣಿಕಾರರು ಕಟ್ಟಿಸಿದ ಪೇತ್ರನ ದೇವಾಲಯ ಅಲ್ಲಿದೆ. ಸ್ವತಃ ಬೆಸ್ತನಾಗಿದ್ದ ಆ ಸಂತನನ್ನು ಭಕ್ತರು ‘ನಮಗಾಗಿ ಪ್ರಾರ್ಥಿಸು’ ಎಂದು ಕೇಳಿಕೊಳ್ಳುತ್ತಾರೆ.

ದೇವರ ಬಳಿಯೂ ಶಿಫಾರಸು ಬೇಕೇ ಎಂದು ನೀವು ಕೇಳಬಹುದು. ಪ್ರಶ್ನೆ ಹಳೆಯದು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಮೊದಲಾದ ಸುಧಾರಕರು, ಮಧ್ಯಸ್ಥನು ಕ್ರಿಸ್ತನೊಬ್ಬನೇ, ಆತನನ್ನು ನಂಬಿದವನು ತನ್ನ ರಕ್ಷಣೆಯ ಬಗ್ಗೆ ನಿಶ್ಚಿಂತನಾಗಿರಬಹುದು ಎಂದರು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ, ದೇವರ ಕರುಣೆಯನ್ನು ಶಂಕಿಸಬಾರದು, ಆದರೆ ತನ್ನ ದೌರ್ಬಲ್ಯ ಬಲ್ಲವನು ‘ನಾನು ಪಾರಾದೆ’ ಎಂದು ಖಚಿತವಾಗಿ ಹೇಳಲಾರ ಎಂದಿತು. ಸಂತರ ಪ್ರಾರ್ಥನೆ ಕ್ರಿಸ್ತನಿಗೆ ಬದಲಿಯಲ್ಲ, ನನಗಾಗಿ ಬೇಡಿಕೋ ಎಂದು ಗೆಳೆಯನನ್ನು ಕೇಳಿದಂತೆ ಎಂಬುದು ಕ್ಯಾಥೊಲಿಕರ ಉತ್ತರ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿಯಾದ ಜಂಟಿ ಘೋಷಣೆಯಲ್ಲಿ, ಭರವಸೆ ನಿಲ್ಲುವುದು ನಮ್ಮ ಯೋಗ್ಯತೆಯ ಮೇಲಲ್ಲ, ದೇವರ ವಾಗ್ದಾನದ ಮೇಲೆ ಎಂಬುದನ್ನು ಲೂಥರನರೂ ಕ್ಯಾಥೊಲಿಕರೂ ಒಪ್ಪಿದರು.

ಈ ಚರ್ಚೆ ನಮ್ಮ ಮನೆಗಳಿಗೂ ಅಪರಿಚಿತವಲ್ಲ. ಜೀವನ ಪರವಾಗಿ ಲಕ್ಷ್ಮೀದೇವಿ ನಾರಾಯಣನಲ್ಲಿ ಬೇಡುವುದನ್ನು ಶ್ರೀವೈಷ್ಣವರು ಪುರುಷಕಾರ ಎನ್ನುತ್ತಾರೆ. ಕೋತಿಮರಿಯಂತೆ ನಾವು ತಾಯಿಯನ್ನು ಅಪ್ಪಿ ಹಿಡಿಯಬೇಕೇ, ಬೆಕ್ಕಿನ ಮರಿಯನ್ನು ಒಯ್ಯುವಂತೆ ತಾಯಿಯೇ ಎತ್ತಿಕೊಳ್ಳುವಳೇ ಎಂಬುದು ವಡಗಲೈ, ತೆಂಗಲೈಗಳ ಪ್ರಸಿದ್ಧ ವಾದ.

ಹಾಗಾದರೆ ಪ್ರಾರ್ಥನೆಯಿಂದ ಆಗುವುದೇನು? 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ವೇಳಾಂಕಣ್ಣಿಗೆ ಬಂದಿದ್ದ ಯಾತ್ರಿಕರೇ ನೂರಾರು ಮಂದಿ ಸತ್ತರು. ಆದ್ದರಿಂದ ಕ್ರೈಸ್ತರು ಹೇಳುವ ಭರವಸೆ ದಡ ಮುಟ್ಟುವ ಖಾತರಿಯಲ್ಲ. ಲೂಕನ ಸುವಾರ್ತೆಯ 22ನೇ ಅಧ್ಯಾಯ ನೋಡಿ. ಪೇತ್ರನ ನಂಬಿಕೆ ಬತ್ತದಿರಲೆಂದು ಯೇಸು ಮುಂಚೆಯೇ ಪ್ರಾರ್ಥಿಸಿದ್ದ. ಆದರೂ ಅದೇ ರಾತ್ರಿ ಪೇತ್ರ ಮೂರು ಸಲ ‘ಅವನನ್ನು ನಾನರಿಯೆ’ ಎಂದ, ಹೊರಗೆ ಹೋಗಿ ಅತ್ತ, ಮತ್ತೆ ಹಿಂದಿರುಗಿದ. ಪ್ರಾರ್ಥನೆ ಅವನು ಬೀಳುವುದನ್ನು ತಪ್ಪಿಸಲಿಲ್ಲ, ಬಿದ್ದಲ್ಲೇ ಉಳಿಯಲು ಬಿಡಲಿಲ್ಲ. ಇತರರಿಗಾಗಿ ಬೇಡೆಂದು ಜನ ಕೇಳುವ ಪೇತ್ರನಿಗೂ ಬೇಡುವವನೊಬ್ಬ ಬೇಕಾಗಿದ್ದ.

ಜೂನ್ 29 ಪೇತ್ರನ ಹಬ್ಬ. ಆ ಕಡೆ ಗೆಳೆಯರಿದ್ದರೆ ಹೋಗಿ ಬನ್ನಿ. ಶಿಫಾರಸಿನ ಪ್ರಶ್ನೆಯನ್ನು ಅವರನ್ನೇ ಕೇಳಿ, ವಾದಕ್ಕಲ್ಲ, ತಿಳಿಯುವುದಕ್ಕೆ.