ಕಾರ್ಬೈಡ್ ಬಣ್ಣ

ಕಾರ್ಬೈಡ್ ಇಟ್ಟ ಮಾವಿಗೆ ಒಂದೆರಡು ದಿನದಲ್ಲೇ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಶ್ರೀನಿವಾಸಪುರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವವರಿಗೆ ಹೇಳಬೇಕಾಗಿದೆ.

1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ತೊಟ್ಟು ಬಂತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ. ನಡುವೆ 2010ರಲ್ಲಿ ತೆಲುಗಿನ 'ಮಾಯಾಬಜಾರ್'. ಮುಳಬಾಗಿಲಿನ ಕಡೆ ಅದೂ ನಮ್ಮ ಮನೆಯ ಚಿತ್ರವೇ. ಜನ ನೋಡಿ ಸಂತೋಷಪಟ್ಟರು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ 'ಮಾಯಾಬಜಾರ್'ನ ಬೆಳದಿಂಗಳನ್ನು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ನೆರಳು-ಬೆಳಕಿನಲ್ಲೇ ಕಟ್ಟಿದ್ದರು. ಹರಿಶ್ಚಂದ್ರ ಕಾಯುವ ಸ್ಮಶಾನಕ್ಕೆ ಕತ್ತಲೆಯೇ ಬಣ್ಣ. ಅಲ್ಲಿ ಕಂಪ್ಯೂಟರು ಹಚ್ಚುವ ಬಣ್ಣ ಯಾರ ಕಲ್ಪನೆ?

ಅಮೆರಿಕದವರು 1960ರ ದಶಕದ ಕೊನೆಯಲ್ಲಿ ಪೋರ್ಕಿ ಪಿಗ್‌ನ ಹಳೆಯ ಕಾರ್ಟೂನುಗಳನ್ನು ಕೊರಿಯಾಕ್ಕೆ ಕಳಿಸಿ, ಕೈಯಲ್ಲಿ ನಕಲು ತೆಗೆಸಿ ಬಣ್ಣ ತುಂಬಿಸಿದರು. ಖರ್ಚು ಉಳಿಸಲು ನಡುನಡುವಿನ ಚಿತ್ರಗಳನ್ನು ಬಿಟ್ಟರು. ಕುಣಿಯುತ್ತಿದ್ದ ಹಂದಿಮರಿ ಕುಂಟತೊಡಗಿತು.

'ಬಣ್ಣವಿಲ್ಲದಿದ್ದರೆ ಈಗಿನ ಹುಡುಗರು ನೋಡುವುದಿಲ್ಲ' ಎನ್ನುತ್ತಾರೆ. ಗೀರು, ಕೊಳೆ ತೆಗೆದು, ಧ್ವನಿ ತಿಳಿಮಾಡಿ, ಮೂಲವನ್ನೇ ಕೋಲಾರದಲ್ಲೋ ಮಾಲೂರಿನಲ್ಲೋ ಪರದೆಗೆ ಹಾಕಿ ನೋಡಿದ್ದೀರಾ ಸ್ವಾಮಿ? ಊಟ ಬಡಿಸದೆ ಹಸಿವಿಲ್ಲ ಎಂದರೆ ಹೇಗೆ?

ಬಣ್ಣದ ಪ್ರತಿ ಮಾಡುವವರು ಮಾಡಲಿ. ಅದು ಬಣ್ಣ ಹಚ್ಚಿದ್ದು ಎಂದು ಮೊದಲೇ ಹೇಳಲಿ. ಆದರೆ ಮೊದಲ ರೂಪಾಯಿ ಮೂಲ ನೆಗೆಟಿವ್ ಉಳಿಸಲು ಹೋಗಬೇಕು. ಬಣ್ಣ ಕೆಟ್ಟರೆ ಮತ್ತೆ ಹಚ್ಚಬಹುದು. ನೆಗೆಟಿವ್ ಕೊಳೆತರೆ ಏನು ಮಾಡುತ್ತೀರಿ? ಗೋಡೆಯಿದ್ದರೆ ತಾನೆ ಚಿತ್ತಾರ!